ಗೋಡೆ ಇಬ್ಬರ ನಡುವಿನದು, ಖರ್ಚು ಯಾರದು?

(ಹುಣಸಮಾರನಹಳ್ಳಿಯಲ್ಲಿ ನೆರೆಹೊರೆಯವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸೀಮೆಯ ಹೊಲಗಳಿಗೆ ಕತ್ತಾಳೆ, ಕಳ್ಳಿಗಳೇ ಬೇಲಿಯಾಗಿದ್ದ ಕಾಲವೊಂದಿತ್ತು. ಅದಕ್ಕೆ ಮೈಮುರಿದು ದುಡಿದರೆ ಸಾಕಿತ್ತು, ಹಣ ಬೇಕಿರಲಿಲ್ಲ. ತನ್ನ ಕಡೆಗೆ ಚಾಚಿದ್ದನ್ನು ತಾನು ಸವರಿಕೊಳ್ಳುತ್ತಿದ್ದ, ನೆರೆಯವನ ಕಡೆಯದನ್ನು ನೆರೆಯವನು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು. ಬಳ್ಳಾರಿ ರಸ್ತೆಯ ಇಕ್ಕೆಲದ ಹೊಲಗಳು ನಿವೇಶನಗಳಾದವು. ಬೇಲಿಯ ದಪ್ಪದಷ್ಟು ನೆಲಕ್ಕೂ ಬೆಲೆ ಬಂದಿತು. ಕತ್ತಾಳೆ ಹೋಗಿ ಕಾಂಪೌಂಡ್ ಬಂದಿತು, ಅದರೊಡನೆ ಜಗಳವೂ ಬಂದಿತು.

ನಮ್ಮ ಮನೆಯದ್ದನ್ನೇ ಹೇಳುತ್ತೇನೆ. ನನ್ನ ಬಾಲ್ಯದಲ್ಲಿ ಒಂದು ಮಳೆಗಾಲ ನಮ್ಮ ಮತ್ತು ಪಕ್ಕದ ಮನೆಯ ನಡುವಿನ ಗೋಡೆ ಕುಸಿಯಿತು. ಅರ್ಧ ಖರ್ಚು ಕೊಡಿ ಎಂದು ಅವರು ಕೇಳಿದರು. ಗೋಡೆ ಬೇಕೆಂದವರು ನೀವು, ನೀವೇ ಕಟ್ಟಿಕೊಳ್ಳಿ ಎಂದರು ನನ್ನ ತಂದೆ. ಅವರು ಕಟ್ಟಿದರು. ಅರ್ಧ ಅಡಿ ಈಚೆಗೆ ಬಂದಿದೆಯೆಂದು ತಂದೆ ನ್ಯಾಯಾಲಯಕ್ಕೆ ಹೋದರು. ಕೊನೆಗೆ ವಕೀಲರಿಗೆ ತೆತ್ತ ಹಣದಲ್ಲಿ ಅಂತಹ ಎರಡು ಗೋಡೆ ಕಟ್ಟಬಹುದಿತ್ತು. ಅದಕ್ಕಿಂತ ಹೆಚ್ಚಾಗಿ, ಹಬ್ಬಕ್ಕೆ ಆಚೀಚೆ ಹೋಗುತ್ತಿದ್ದ ತಟ್ಟೆಗಳು ನಿಂತವು. ತಂದೆ ನಮಾಝ್ ತಪ್ಪಿಸಿದವರಲ್ಲ. ಆದರೆ ನೆರೆಯವರ ಹಕ್ಕೂ ದೀನಿನ ಭಾಗವೆಂದು ಅವರಿಗೆ ಯಾರೂ ಒತ್ತಿ ಹೇಳಿರಲಿಲ್ಲವೇನೋ.

ಪ್ರವಾದಿ ಮುಹಮ್ಮದ್(ಸ) ಗೋಡೆಯ ಬಗ್ಗೆಯೇ ಮಾತನಾಡಿದ್ದಾರೆ. ನೆರೆಯವನು ನಿಮ್ಮ ಗೋಡೆಗೆ ಮರದ ತೊಲೆ ಊರಲು ಬಂದರೆ ತಡೆಯಬಾರದೆಂಬ ಆಶಯದ ಹದೀಸನ್ನು ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಅದಿದೆ. ಇಮಾಮ್ ಅಹ್ಮದ್ ಇದನ್ನು ಕಡ್ಡಾಯವೆಂದರೆ ಹನಫಿ ವಿದ್ವಾಂಸರು ಸದಾಚಾರವೆಂದರು. ಈ ಭಿನ್ನಾಭಿಪ್ರಾಯವೇನೇ ಇರಲಿ, ಪೂರ್ತಿ ಸ್ವಂತ ಹಣದಿಂದ ಕಟ್ಟಿದ ಗೋಡೆಯ ಮೇಲೂ ನೆರೆಯವನಿಗೊಂದು ಹಿತಾಸಕ್ತಿಯಿದೆ ಎಂಬುದಂತೂ ಸ್ಪಷ್ಟ. ಇನ್ನೊಂದೆಡೆ, ಒಂದು ಗೇಣು ನೆಲವನ್ನು ಅನ್ಯಾಯವಾಗಿ ಕಬಳಿಸಿದವನಿಗೆ ಏಳು ಭೂಮಿಗಳ ಹೊರೆಯ ಎಚ್ಚರಿಕೆಯೂ ಇದೆ. ಅನ್ನಿಸಾಅ್ ಅಧ್ಯಾಯದ 36ನೇ ಸೂಕ್ತವು ಹತ್ತಿರದ ನೆರೆಯವನ ಜೊತೆಗೆ ಅಪರಿಚಿತ ನೆರೆಯವನನ್ನೂ ಹೆಸರಿಸುತ್ತದೆ. ಆದ್ದರಿಂದ ಪಕ್ಕದವರ ಧರ್ಮ ಯಾವುದೆಂದು ನೋಡಿ ಲೆಕ್ಕ ಬದಲಿಸುವಂತಿಲ್ಲ.

ಇನ್ನು ಕಾನೂನು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಬೇಲಿಗೆಂದೇ 1991ರ ಒಂದು ಕಾಯ್ದೆಯಿದೆ. ಸಾಮಾನ್ಯ ದರ್ಜೆಯ ಬೇಲಿಯ ಖರ್ಚನ್ನು ಇಬ್ಬರೂ ಸಮನಾಗಿ ಹೊರಬೇಕು, ಅದಕ್ಕಿಂತ ದುಬಾರಿಯದು ಬೇಕೆಂದವನು ಹೆಚ್ಚುವರಿ ಹಣವನ್ನು ತಾನೇ ತೆರಬೇಕು. ನಮ್ಮಲ್ಲಿ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯು ಗಡಿ ಗುರುತುಗಳನ್ನು ಕಾಪಾಡುವ ಹೊಣೆಯನ್ನು ಜಮೀನುದಾರನಿಗೆ ವಹಿಸಿದೆ. ಆದರೆ ಗೋಡೆಯ ಖರ್ಚನ್ನು ಹೀಗೆ ಹಂಚುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಕ್ರಯಪತ್ರದ ಚಕ್ಕುಬಂದಿ ಪೂರ್ವಕ್ಕೆ ಯಾರಿದ್ದಾರೆಂದು ಹೇಳುತ್ತದೆ, ಪೂರ್ವದ ಗೋಡೆಗೆ ಯಾರು ಹಣ ಕೊಡಬೇಕೆಂದು ಹೇಳುವುದಿಲ್ಲ.

ಆದ್ದರಿಂದ ಮೇಸ್ತ್ರಿಯನ್ನು ಕರೆಯುವ ಮೊದಲು ಪಕ್ಕದವರ ಬಾಗಿಲು ತಟ್ಟಿರಿ. ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತಿಗೆ ಅರ್ಜಿ ಕೊಡಿ. ಅಳತೆಯ ದಿನ ಇಬ್ಬರೂ ಕಲ್ಲಿನ ಬಳಿ ನಿಂತಿರಿ. ಗೋಡೆ ಪೂರ್ತಿ ನಿಮ್ಮ ನೆಲದೊಳಗಿದ್ದರೆ ಖರ್ಚು ನಿಮ್ಮದೇ, ಕೇಳಲು ಹೋಗಬೇಡಿ. ಗೆರೆಯ ಮೇಲೆಯೇ ಕಟ್ಟುವುದಾದರೆ ಸಮಪಾಲು. ಎತ್ತರ, ನೀರು ಹರಿಯುವ ದಾರಿ, ಮುಂದಿನ ದುರಸ್ತಿ, ಇವನ್ನೆಲ್ಲ ಬರೆದು ಇಬ್ಬರೂ ಸಹಿ ಹಾಕಿರಿ. ನೆಂಟರಂತಿರುವವರ ನಡುವೆ ಕಾಗದವೇಕೆ ಎಂದು ಸಂಕೋಚ ಪಡುವವರಿದ್ದಾರೆ. ಸಾಲವನ್ನು ಬರೆದಿಡಿರೆಂದು ಆಜ್ಞಾಪಿಸುವ ಅಲ್‌ಬಕರದ 282ನೇ ಸೂಕ್ತವನ್ನು ಅವರು ಓದಲಿ.

ಪಕ್ಕದಲ್ಲಿರುವುದು ದಿನಗೂಲಿಯ ಕುಟುಂಬವಾದರೆ? ನಿಮಗೆ ಬೇಕಾದ ಏಳಡಿಯ ಗೋಡೆಯ ಅರ್ಧವನ್ನು ಅವರಿಂದ ಕೇಳುವುದು ನ್ಯಾಯವಲ್ಲ. ಅವರಿಗೆ ಅಗತ್ಯವಿರುವಷ್ಟಕ್ಕೆ ಮಾತ್ರ ಪಾಲು ಹಾಕಿ, ಅದನ್ನೂ ಅನುಕೂಲವಾದಾಗ ಕೊಡಲಿ ಎಂದು ಅದೇ ಕಾಗದದಲ್ಲಿ ಬರೆಯಿರಿ. ಬಿಟ್ಟುಕೊಡಲು ಸಾಧ್ಯವಿರುವವರು ಬಿಟ್ಟುಕೊಡಲಿ. ಆದರೆ ಅದನ್ನು ಬೀದಿಯಲ್ಲಿ ಹೇಳಿಕೊಂಡು ತಿರುಗದಿರಲಿ.