ಅಂಕಪಟ್ಟಿಯ ಹಿಂದಿನ ವೇಳಾಪಟ್ಟಿ

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸೆಂಟ್ರಲ್ ಯುನೈಟೆಡ್ ತಾಲ್ಮೂಡಿಕಲ್ ಅಕಾಡೆಮಿ ಎಂಬ ಗಂಡುಮಕ್ಕಳ ಶಾಲೆಯಿದೆ. ಅದನ್ನು ನಡೆಸುವವರು ಹಸಿದೀ ಪಂಥದ ಯಹೂದಿಗಳು. 2019ರಲ್ಲಿ ಆ ಶಾಲೆ ತನ್ನ ಮಕ್ಕಳನ್ನು ರಾಜ್ಯದ ಇಂಗ್ಲಿಷ್ ಮತ್ತು ಗಣಿತ ಪರೀಕ್ಷೆಗೆ ಕೂರಿಸಿತು. ಸಾವಿರಕ್ಕೂ ಹೆಚ್ಚು ಹುಡುಗರು ಬರೆದರು. ಒಬ್ಬನೂ ಪಾಸಾಗಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ಫಲಿತಾಂಶವನ್ನು ಬಯಲಿಗೆ ತಂದಾಗ ಅನೇಕರಿಗೆ ನಂಬಲಾಗಲಿಲ್ಲ. ಯಹೂದಿಗಳೆಂದರೆ ಓದಿನಲ್ಲಿ ಮುಂದು ಎನ್ನುವುದು ಅಮೆರಿಕದಲ್ಲಿ ಬಹುಕಾಲದಿಂದ ಬೇರೂರಿದ ಮಾತು.

ಆ ಮಾತಿಗೆ ಆಧಾರವೂ ಅದೇ ಬ್ರೂಕ್ಲಿನ್‌ನಲ್ಲೇ ಸಿಗುತ್ತದೆ. 1927ರಲ್ಲಿ ಶುರುವಾದ ಯೆಶಿವಾ ಆಫ್ ಫ್ಲಾಟ್‌ಬುಷ್, ಧರ್ಮಪಾಠವನ್ನೂ ಶಾಲಾಪಾಠವನ್ನೂ ಒಂದೇ ಸೂರಿನಡಿ ಕಲಿಸುವ ‘ಡೇ ಸ್ಕೂಲ್’. ನಾಜಿಗಳ ಕೈಯಿಂದ ತಪ್ಪಿಸಿಕೊಂಡು 1939ರಲ್ಲಿ ವಿಯೆನ್ನಾದಿಂದ ಬಂದ ಎರಿಕ್ ಕ್ಯಾಂಡೆಲ್ ಎಂಬ ಹುಡುಗನಿಗೆ ಅಜ್ಜ ಬೇಸಿಗೆಯಲ್ಲಿ ಹೀಬ್ರೂ ಹೇಳಿಕೊಟ್ಟು ಅಲ್ಲಿಗೆ ಸೇರಿಸಿದರು. ಮಿದುಳಿನಲ್ಲಿ ನೆನಪು ಹೇಗೆ ಉಳಿಯುತ್ತದೆ ಎಂಬ ಸಂಶೋಧನೆಗಾಗಿ ಅವರಿಗೆ 2000ದಲ್ಲಿ ನೊಬೆಲ್ ಬಂತು. ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆಹಚ್ಚಿ 1976ರಲ್ಲೇ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಕೂಡ ಅದೇ ಶಾಲೆಯಲ್ಲಿ ಪ್ರಾಥಮಿಕ ಪಾಠ ಕಲಿತವರು.

ಒಂದೇ ಧರ್ಮ, ಒಂದೇ ಊರು, ಓದಲು ಕೂರುವ ಪವಿತ್ರಗ್ರಂಥಗಳೂ ಅವೇ. ಹಾಗಾದರೆ ಈ ಅಂತರ ಎಲ್ಲಿಂದ ಬಂತು?

ಉತ್ತರ ವೇಳಾಪಟ್ಟಿಯಲ್ಲಿದೆ. ಹಸಿದೀ ಗಂಡುಮಕ್ಕಳ ಮನೆಮಾತು ಯಿಡ್ಡಿಷ್. ಶಾಲೆಯ ಮಾತೂ ಅದೇ. ಬೆಳಗಿನಿಂದ ಯಹೂದಿ ಧರ್ಮಗ್ರಂಥಗಳಾದ ತೋರಾ ಮತ್ತು ತಾಲ್ಮೂಡ್ ಅಧ್ಯಯನ. ಟೈಮ್ಸ್ ವರದಿಯ ಪ್ರಕಾರ ಇಂತಹ ಶಾಲೆಗಳಲ್ಲಿ ಇಂಗ್ಲಿಷ್ ಮತ್ತು ಗಣಿತಕ್ಕೆ ಸಿಗುವುದು ಸಾಮಾನ್ಯವಾಗಿ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದೂವರೆ ಗಂಟೆ. ಅದೂ ದಿನದ ಕೊನೆಯಲ್ಲಿ, ಹುಡುಗರು ದಣಿದ ಮೇಲೆ. ಹದಿಮೂರು ತುಂಬುವ ಹೊತ್ತಿಗೆ ಬಹಳ ಕಡೆ ಅದೂ ನಿಂತುಹೋಗುತ್ತದೆ. ಇವರನ್ನು ದಡ್ಡರೆನ್ನಲು ಬಾಯಿ ಬರುವುದಿಲ್ಲ. ತಾಲ್ಮೂಡ್ ಓದುವುದೆಂದರೆ ಅರಾಮಿಕ್ ಭಾಷೆಯ ಬಿಗಿಯಾದ ಪುಟವನ್ನು ಜೊತೆಗಾರನೊಂದಿಗೆ ಕೂತು ಸಾಲುಸಾಲಾಗಿ ವಾದಿಸುವುದು. ಅದು ಕಾನೂನು ಕಾಲೇಜಿನವರಿಗೂ ಬೆವರಿಳಿಸುವ ಕೆಲಸ. ಅಂಕಪಟ್ಟಿ ಇಲ್ಲಿ ಅಳೆದದ್ದು ಮಕ್ಕಳ ಬುದ್ಧಿಯನ್ನಲ್ಲ, ಹಿರಿಯರು ಹಂಚಿದ ಗಂಟೆಗಳನ್ನು.

ಅದೇ ತರ್ಕ ಇನ್ನೊಂದು ತುದಿಗೂ ಸಲ್ಲಬೇಕು. ಮ್ಯಾನ್‌ಹ್ಯಾಟನ್ನಿನ ಹೆಸರುವಾಸಿ ಡೇ ಸ್ಕೂಲುಗಳ ಶುಲ್ಕ ವರ್ಷಕ್ಕೆ ಹತ್ತಾರು ಸಾವಿರ ಡಾಲರ್. ಪ್ರವೇಶಕ್ಕೆ ಆಯ್ಕೆಯುಂಟು, ಮನೆಯಲ್ಲಿ ಓದಿದ ತಂದೆತಾಯಿಯರಿದ್ದಾರೆ. ಅಲ್ಲಿನ ಹೆಚ್ಚಿನ ಅಂಕವನ್ನೆಲ್ಲ ಶಾಲೆಯ ಖಾತೆಗೇ ಜಮೆ ಮಾಡಿದರೆ ಲೆಕ್ಕ ತಪ್ಪುತ್ತದೆ. ಮೇಲಾಗಿ ಮೂರರಿಂದ ಎಂಟನೆಯ ತರಗತಿಯ ರಾಜ್ಯ ಪರೀಕ್ಷೆ ಖಾಸಗಿ ಶಾಲೆಗಳಿಗೆ ಕಡ್ಡಾಯವಲ್ಲ. ಬರೆಯದ ಶಾಲೆ ಫೇಲಾಗುವುದೂ ಇಲ್ಲ.

ಕಾನೂನು ಏನು ಹೇಳುತ್ತದೆ? ಖಾಸಗಿ ಶಾಲೆಯ ಪಾಠ ಸರ್ಕಾರಿ ಶಾಲೆಯದಕ್ಕೆ ‘ಗಣನೀಯವಾಗಿ ಸಮಾನ’ವಾಗಿರಬೇಕೆಂದು ನ್ಯೂಯಾರ್ಕಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ನಿಯಮವಿದೆ. ಅದರ ದೂಳು ಕೊಡವಿದವರು ಹಸಿದೀ ಮನೆಯಲ್ಲೇ ಬೆಳೆದ ನಫ್ತುಲಿ ಮೋಸ್ಟರ್. ಕಾಲೇಜು ಸೇರಿದಾಗ ‘ಮಾಲಿಕ್ಯೂಲ್’ ಎಂಬ ಪದವನ್ನೇ ಕೇಳಿರಲಿಲ್ಲ ಎಂದು ಹೇಳಿಕೊಂಡ ಅವರು 2012ರಲ್ಲಿ ಯಾಫೆಡ್ ಎಂಬ ಸಂಘಟನೆ ಕಟ್ಟಿದರು. 2015ರಲ್ಲಿ ಅದು ಇಂತಹ 39 ಶಾಲೆಗಳ ಮೇಲೆ ದೂರು ಕೊಟ್ಟಿತು. ನಗರಾಡಳಿತ ಕುಂಟುತ್ತ 2019ರ ಡಿಸೆಂಬರಿನಲ್ಲಿ ವರದಿ ಕೊಟ್ಟಾಗ, ಭೇಟಿಯಿತ್ತ 28 ಶಾಲೆಗಳಲ್ಲಿ ಮಟ್ಟ ಮುಟ್ಟಿದ್ದು ಎರಡೇ. 2023ರಲ್ಲಿ 18 ಶಾಲೆಗಳು ನಿಯಮ ಪಾಲಿಸಿಲ್ಲವೆಂದು ತೀರ್ಮಾನವಾಯಿತು.

ಈ ಶಾಲೆಗಳನ್ನು ನಡೆಸುವವರದು ಹಟವೊಂದೇ ಅಲ್ಲ. ಹೋಲೊಕಾಸ್ಟ್‌ನಲ್ಲಿ ಬಹುಪಾಲು ಅಳಿದುಹೋದ ಸಮುದಾಯ ತನ್ನ ಭಾಷೆ, ಬದುಕುಗಳನ್ನು ಮತ್ತೆ ಕಟ್ಟಿಕೊಂಡದ್ದು ಈ ಶಾಲೆಗಳಲ್ಲೇ. ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವ ಹೆತ್ತವರ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟ್ 1925ರಲ್ಲೇ ಎತ್ತಿಹಿಡಿದಿದೆ. ಆದರೆ ಹೆತ್ತವರ ಹಕ್ಕಿನ ಈ ವಾದದಲ್ಲಿ ಹುಡುಗನ ಪಾಲು ಎಷ್ಟು ಎಂಬುದಕ್ಕೆ ಸಮಾಧಾನದ ಉತ್ತರ ಬಂದಿಲ್ಲ.

2025ರ ಮೇ ತಿಂಗಳಲ್ಲಿ ರಾಜ್ಯದ ಬಜೆಟ್ಟಿನ ಜೊತೆಗೇ ಕಾನೂನನ್ನು ಸಡಿಲಿಸಲಾಯಿತು. ಪ್ರಮಾಣೀಕೃತ ಪರೀಕ್ಷೆ ನಡೆಸಿ ತೋರಿಸುವುದೂ ಸಮಾನತೆ ಸಾಬೀತುಪಡಿಸುವ ಒಂದು ದಾರಿಯಾಯಿತು. ನಿಯಮ ಪಾಲಿಸುವ ಗಡುವು ಮುಂದಿನ ದಶಕಕ್ಕೆ ಹೋಯಿತು. ದೂರು ಕೊಟ್ಟ ವರ್ಷ ಮೂರನೆಯ ತರಗತಿಯಲ್ಲಿದ್ದ ಹುಡುಗರಿಗೆ ಅಷ್ಟರಲ್ಲಿ ಹೆಣ್ಣು ನೋಡುವ ವಯಸ್ಸಾಗಿತ್ತು.