ಸಂಜೆಗೆ ಬಾಡುವ ಆಟಿಕೆ

ಇವತ್ತಿನ ಮಾತು ದುಡ್ಡು ಬೇಡದ ಆಟಿಕೆಗಳ ಬಗ್ಗೆ.

ಕಳೆದ ರಜೆಯಲ್ಲಿ ಮಗಳನ್ನು ಕರ್ಕೊಂಡು ಮೂಡುಬಿದಿರೆಯಿಂದ ಬೆಳ್ತಂಗಡಿ ಕಡೆಯ ಅಮ್ಮನ ಮನೆಗೆ ಹೋಗಿದ್ದೆ. ಅವಳಿಗೆ ಆರು ವರ್ಷ. ಅಂಗಳದಲ್ಲಿ ನಿಂತು, "ಇಲ್ಲಿ ಆಡ್ಲಿಕ್ಕೆ ಏನೂ ಇಲ್ಲ" ಅಂದಳು. ಸುತ್ತ ತೆಂಗು, ಅಡಿಕೆ, ಹಲಸು! ತೋರಿಸುವ ಅಂತ ತೆಂಗಿನ ಗರಿಯ ಪೀಪಿ ಮಾಡಲು ಕೂತೆ. ಸುತ್ತಿದೆ, ಊದಿದೆ. ಬರೀ ಗಾಳಿ. ಚಿಕ್ಕಂದಿನಲ್ಲಿ ದಿನಕ್ಕೆ ಹತ್ತು ಮಾಡ್ತಿದ್ದ ಕೈಗೆ ಮರೆತೇ ಹೋಗಿತ್ತು ಮಾರಾಯ್ರೆ.

ಅಮ್ಮನಿಗೆ ಎಪ್ಪತ್ತು ದಾಟಿದೆ, ಬೆರಳು ಸ್ವಲ್ಪ ನಡುಗ್ತದೆ. ಆದರೂ ಒಂದು ಹಸಿ ಗರಿ ತಗೊಂಡು ಕಡ್ಡಿ ಬಿಡಿಸಿದರು. ತುದಿಯಿಂದ ಬಿಗಿಯಾಗಿ, ಓರೆಯಾಗಿ ಸುತ್ತುತ್ತಾ ಬಂದರು. ಒಂದು ಸುತ್ತಿನ ಮೇಲೆ ಇನ್ನೊಂದು ಅರ್ಧ ಕೂರಬೇಕು. ಕೊನೆಗೆ ಅದೇ ಕಡ್ಡಿಯ ತುಂಡು ಚುಚ್ಚಿ, ಸಣ್ಣ ಬಾಯಿಯನ್ನು ಮೆಲ್ಲ ಒತ್ತಿದರು. ಪೀಂ...! ಮಗಳು ಬಿದ್ದು ಬಿದ್ದು ನಕ್ಕಳು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಹಲಸಿನ ಎಲೆಗೆ ಕಡ್ಡಿ ಚುಚ್ಚಿ ಕಿರೀಟ. ಗೆರಟೆಯಲ್ಲಿ ಮಣ್ಣಿನ ಪಾಯಸ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಮೇಲೆ ಕೂತು, "ಬಿ.ಸಿ.ರೋಡ್, ಬಿ.ಸಿ.ರೋಡ್" ಅಂತ ಬಂಟ್ವಾಳದ ಬಸ್ಸು ಬಿಟ್ಟಳು. ಎಳೆಯುವ ಕೆಲಸ ನನ್ನದು! ಮಧ್ಯಾಹ್ನ ಅದೇ ಹಾಳೆ ನೇತ್ರಾವತಿಯ ದೋಣಿ ಆಯ್ತು. ಅಂಗಡಿಯ ಬಸ್ಸು ಯಾವಾಗಲೂ ಬಸ್ಸೇ. ಹಾಳೆ ಹಾಗಲ್ಲ, ಮಗು ಹೇಳಿದ್ದು ಆಗ್ತದೆ.

ಸಂಜೆಗೆ ಪೀಪಿ ಬಾಡಿತು. ಮಗಳು ಅತ್ತಳು. ಅಮ್ಮ ಅಂದರು, "ನಾಳೆ ನೀನೇ ಮಾಡು." ಮರುದಿನ ಮೂರು ಹಾಳಾಯ್ತು, ನಾಲ್ಕನೆಯದು ಊದಿತು. ಬಾಡಿದ್ದರಿಂದಲೇ ಅವಳು ಕಲಿತದ್ದು ಅಂತ ನನಗೆ ಆಮೇಲೆ ಹೊಳೆಯಿತು.

ಒಂದೆರಡು ಎಚ್ಚರಿಕೆ ಉಂಟು. ಆಟಕ್ಕೆ ಕೆಂಪು ಬೀಜ ಹೆಕ್ಕುವಾಗ ನೋಡಿಕೊಳ್ಳಿ: ಚೆನ್ನೆಮಣೆಗೆ ಹಾಕುವ ಮಂಜೊಟ್ಟಿ ಪೂರ್ತಿ ಕೆಂಪು. ಕಪ್ಪು ಚುಕ್ಕಿ ಇದ್ದರೆ ಅದು ಗುಲಗಂಜಿ, ವಿಷ. ಮಕ್ಕಳ ಕೈಗೆ ಕೊಡಲೇಬೇಡಿ. ಯಾವ ಬೀಜವನ್ನೂ ಬಾಯಿಗೆ ಹಾಕಲು ಬಿಡಬೇಡಿ. ಚೇರೆ ಮರದ ಸೊನೆ ತಾಗಿದರೆ ಮೈ ಸುಟ್ಟ ಹಾಗೆ ಬೊಕ್ಕೆ ಏಳ್ತದೆ. ತರಗೆಲೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ, ಹಾವು ಇರಬಹುದು.

ಈಗ ಒಳ್ಳೆಯ ಹಾಳೆಯೆಲ್ಲ ತಟ್ಟೆ ಮಾಡುವಲ್ಲಿಗೆ ಹೋಗ್ತದೆ. ಹೋಗಲಿ, ಒಂದನ್ನು ಮಕ್ಕಳಿಗೆ ಇಡಿ. ಈ ಭಾನುವಾರ ಮನೆಯ ಹಿರಿಯರ ಹತ್ರ ಕೂತು ಒಂದು ಪೀಪಿ ಕೇಳಿ. ವೀಡಿಯೊ ಆಮೇಲೆ ಮಾಡುವ. ಮೊದಲು ಅವರ ಕೈಯಿಂದ ನಿಮ್ಮ ಕೈಗೆ ಬರಲಿ.

ನನ್ನ ಪೀಪಿ? ಈಗ ಊದ್ತದೆ. ಮಗಳೇ ಕಲಿಸಿದ್ದು. ಮುಂದಿನ ವಾರ ಸಿಗುವ.