ಹದಿಹರೆಯದ ಮನೋರೋಗ: ತಡವಾಗುವುದು ಎಲ್ಲಿ?

(ಸಂಸ್ಥೆಯ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೆಚ್ಚು ಅಂಕ ಗಳಿಸಿದ ಮಕ್ಕಳ ಹೆಸರನ್ನು ಈಗಷ್ಟೇ ಓದಿ ಗೌರವಿಸಿದಿರಿ. ಅಂಥದೊಂದು ಪಟ್ಟಿಯಲ್ಲಿ ಇರಬೇಕಾಗಿದ್ದು ಇಲ್ಲದೆ ಹೋದ ಒಬ್ಬ ಹುಡುಗನ ವಿಷಯವನ್ನು ನಾನು ಹೇಳಬೇಕೆಂದಿದ್ದೇನೆ. ಅವನ ಹೆಸರು, ಊರು ಹೇಳುವುದಿಲ್ಲ.

ಒಂಬತ್ತನೆಯ ತರಗತಿಯವರೆಗೆ ಅವನ ಉರ್ದು ಬರವಣಿಗೆ ಮುತ್ತು ಪೋಣಿಸಿದಂತಿತ್ತು. ಹತ್ತನೆಯ ತರಗತಿಯ ಮಧ್ಯದಲ್ಲಿ ಬದಲಾದ. ಪುಟದಲ್ಲಿ ನಾಲ್ಕು ಸಾಲು ಬರೆದು ನಿಲ್ಲಿಸುತ್ತಿದ್ದ. ಗೆಳೆಯರನ್ನು ಬಿಟ್ಟು ಹಿಂದಿನ ಬೆಂಚಿಗೆ ಹೋದ. ರಾತ್ರಿ ನಿದ್ದೆಯಿಲ್ಲ, ಹಗಲು ತೂಕಡಿಕೆ. ಒಂದು ದಿನ ನನ್ನ ಬಳಿ ಬಂದು, "ಸರ್, ನನ್ನ ಬಗ್ಗೆ ನೋಟೀಸ್ ಬೋರ್ಡಿನಲ್ಲಿ ಏನಾದರೂ ಬರೆದಿದ್ದಾರಾ?" ಎಂದು ಕೇಳಿದ. ನಾನು ನಕ್ಕುಬಿಟ್ಟೆ. ಆ ತಿಂಗಳ ಪ್ರಗತಿ ಪತ್ರದಲ್ಲಿ "ಓದಿನಲ್ಲಿ ನಿರ್ಲಕ್ಷ್ಯ ಹೆಚ್ಚಾಗಿದೆ" ಎಂದು ಬರೆದು ಸಹಿ ಹಾಕಿದೆ.

ಮನೆಯವರು ನಜರ್ ತಗುಲಿದೆ ಎಂದರು. ತಾವೀಜ್ ಕಟ್ಟಿಸಿದರು, ಆಮಿಲರೊಬ್ಬರಿಗೆ ದುಡ್ಡು ಸುರಿದರು. ಹುಡುಗ ಪರೀಕ್ಷೆಗೆ ಕೂರಲಿಲ್ಲ. ಕೊನೆಗೆ ಊಟದಲ್ಲಿ ವಿಷ ಹಾಕಿದ್ದಾರೆಂದು ತಟ್ಟೆಯನ್ನೇ ಮುಟ್ಟದಾದಾಗ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ನಾನೂ ಜೊತೆಗಿದ್ದೆ. ಇದು ಶುರುವಾಗಿ ಎಷ್ಟು ದಿನವಾಯಿತು ಎಂದು ಮನೋವೈದ್ಯರು ಕೇಳಿದರು. ತಾಯಿ ಹಬ್ಬಗಳ ಲೆಕ್ಕ ಹಾಕಿ, "ಹೋದ ವರ್ಷದ ಬಕ್ರೀದ್‌ಗೆ ಮುಂಚೆ" ಎಂದರು. ಒಂದೂವರೆ ವರ್ಷ! ಪ್ರಗತಿ ಪತ್ರದ ತಾರೀಖು ನನಗೆ ಆಗ ನೆನಪಾಯಿತು.

ಬಂಧುಗಳೇ, ಆ ಒಂದೂವರೆ ವರ್ಷವೇ ಇಂದಿನ ನನ್ನ ವಿಷಯ. ಸ್ಕಿಜೋಫ್ರೇನಿಯಾದಂತಹ ತೀವ್ರ ಮನೋರೋಗಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಿಂದ 25ರ ಆಸುಪಾಸಿನವರೆಗೆ, ಅಂದರೆ ಓದು, ಉದ್ಯೋಗ, ಮದುವೆ ಎಲ್ಲವೂ ನಿರ್ಧಾರವಾಗುವ ವಯಸ್ಸಿನಲ್ಲಿ. ಚಿಕಿತ್ಸೆಯಿಲ್ಲದೆ ಕಳೆಯುವ ಕಾಲ ಉದ್ದವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ ಎಂಬುದನ್ನು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಡಾ. ಪ್ಯಾಟ್ರಿಕ್ ಮೆಕ್‌ಗೊರಿ ಮತ್ತು ಸಂಗಡಿಗರು 1992ರಲ್ಲಿ ಎಳೆಯರಿಗೆಂದೇ ಇಂತಹ ಚಿಕಿತ್ಸಾ ಕೇಂದ್ರ ತೆರೆದರು. ಬಳಿಕ, ರೋಗ ಇನ್ನೂ ಬಾರದ, ಆದರೆ ಬರುವ ಸೂಚನೆಯಿರುವ ಮಕ್ಕಳಿಗೂ ಕ್ಲಿನಿಕ್ ಆರಂಭಿಸಿದರು. ಮೈ ಬಿಸಿಯಾದಾಗಲೇ ವೈದ್ಯರಲ್ಲಿಗೆ ಹೋಗುವ ನಾವು ಮನಸ್ಸಿನ ವಿಷಯದಲ್ಲಿ ಮಾತ್ರ ಜ್ವರ ನೆತ್ತಿಗೇರುವವರೆಗೆ ಕಾಯುತ್ತೇವೆ.

ಹಾಗೆಂದು ಮೌನವಾಗಿ ಕೂರುವ ಪ್ರತಿ ಮಗುವನ್ನೂ ರೋಗಿ ಎನ್ನಬೇಡಿ. ತಜ್ಞರೇ ಪರೀಕ್ಷಿಸಿ "ಅಪಾಯವಿದೆ" ಎಂದು ಗುರುತಿಸಿದ ಯುವಕರಲ್ಲಿ ಕೂಡ ಎರಡು ಮೂರು ವರ್ಷಗಳಲ್ಲಿ ತೀವ್ರ ರೋಗಕ್ಕೆ ತಿರುಗುವವರು ಸುಮಾರು ಐದರಲ್ಲೊಬ್ಬರು ಅಥವಾ ನಾಲ್ವರಲ್ಲೊಬ್ಬರು. ಉಳಿದವರಿಗೆ ಬರುವುದಿಲ್ಲ. ಹಾಗಾದರೆ ವೈದ್ಯರೇಕೆ ಎಂದು ಕೇಳಬಹುದು. ಮಗು ಈಗಲೇ ಸಂಕಟದಲ್ಲಿದೆ, ಅದಕ್ಕೆ. ನಿದ್ದೆ ಕೆಟ್ಟಿದೆ, ಓದು ನಿಂತಿದೆ, ಭಯ ಹಿಡಿದಿದೆ. ಈ ಹಂತದಲ್ಲಿ ಮೊದಲು ಕೊಡುವುದು ಆಪ್ತ ಸಮಾಲೋಚನೆ, ಮಾತಿನ ಚಿಕಿತ್ಸೆ ಮತ್ತು ಮನೆಯವರಿಗೆ ತಿಳಿವಳಿಕೆ. ಸಂಶಯ, ಇಲ್ಲದ ದನಿ ಕೇಳಿಸುವುದು ಇವು ಗಟ್ಟಿಯಾಗಿ ಬೇರೂರಿದ್ದರೆ ಆಗ ಮಾತ್ರೆ ಬೇಕೇ ಬೇಕು, ತಡಮಾಡಬಾರದು.

ಗಮನಿಸಬೇಕಾದದ್ದು ಬದಲಾವಣೆಯನ್ನು. ಮೊದಲಿನಿಂದ ನಾಚಿಕೆಯ ಮಗು ನಾಚಿಕೆಯಲ್ಲೇ ಇದ್ದರೆ ಚಿಂತೆಯಿಲ್ಲ. ಮಾತುಗಾರ ಮಗು ಮಾತು ನಿಲ್ಲಿಸಿ, ಸ್ನಾನ, ಊಟ, ನಿದ್ದೆ ಎಲ್ಲವೂ ಒಟ್ಟಿಗೆ ಕೆಟ್ಟು, ವಾರಗಟ್ಟಲೆ ಹಾಗೆಯೇ ಉಳಿದರೆ ಕೇಳಬೇಕು. ಗಾಂಜಾ ಸೇದುವವರಲ್ಲಿ ಈ ಅಪಾಯ ಹೆಚ್ಚು. ಹುಡುಗರೇ, ಇದನ್ನು ಹೆದರಿಸಲು ಹೇಳುತ್ತಿಲ್ಲ, ವೈದ್ಯಶಾಸ್ತ್ರದ ಮಾತು.

ಭಾಷೆ ಕಲಿಸುವವನಾಗಿ ಒಂದು ಮಾತು. ಹುಚ್ಚನನ್ನು 'ಮಜ್ನೂನ್' ಎನ್ನುತ್ತೇವೆ. ಅರಬಿಯಲ್ಲಿ ಅದರದ್ದೂ 'ಜಿನ್' ಪದದ್ದೂ ಮೂಲಧಾತು ಒಂದೇ, ಅದರ ಅರ್ಥ ಮರೆಮಾಚುವುದು. ನಾವಂತೂ ಮರೆಮಾಚುವುದರಲ್ಲಿ ನಿಸ್ಸೀಮರು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು. ರಿಶ್ತಾ ತಪ್ಪೀತೆಂದು ಮುಚ್ಚಿಡುತ್ತೇವೆ, ಮದುವೆ ಮಾಡಿದರೆ ಸರಿಹೋದಾಳು ಎಂದು ಬೇರೊಂದು ಮನೆಗೆ ಕಳುಹಿಸುತ್ತೇವೆ, ಅಲ್ಲಿ ಮಾತ್ರೆಯೂ ಇಲ್ಲದೆ ಆ ಮಗು ತಲಾಖ್ ಪಡೆದು ತವರಿಗೆ ಮರಳುತ್ತದೆ. ಇದು ಔಷಧವಲ್ಲ, ಎರಡು ಮನೆಗಳಿಗೆ ಮಾಡುವ ಅನ್ಯಾಯ.

ದುಆ ಬೇಡವೆಂದು ನಾನು ಹೇಳಲಾರೆ. ದುಆ ಮಾಡಿ, ಅದೇ ದಿನ ಆಸ್ಪತ್ರೆಗೂ ಹೋಗಿ. ಶಿಫಾ ಕೊಡುವವನು ಅಲ್ಲಾಹನೇ, ಚಿಕಿತ್ಸೆ ಪಡೆಯಬೇಕೆಂಬುದು ಪ್ರವಾದಿಯವರ ಬೋಧನೆಯೇ. ಸುಲ್ತಾನ್ ಖಲಾವೂನ್ ಕೈರೋದಲ್ಲಿ 1284-85ರಲ್ಲಿ ಕಟ್ಟಿಸಿದ ಬೀಮಾರಿಸ್ತಾನದಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತು. ಅಂಥ ಪರಂಪರೆಯವರು ನಾವು. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸರೆ ಬಯಸಿ ಬಂದವರನ್ನು ಇರಿಸಿಕೊಳ್ಳುತ್ತಿದ್ದ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಮನೋರೋಗಿಗಳು ಓಡಲಾರದೆ ಸತ್ತರು. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ.

ನಮ್ಮಲ್ಲೊಂದು ಬಲವೂ ಇದೆ. ಚೆನ್ನೈನ ಸ್ಕಾರ್ಫ್ ಸಂಸ್ಥೆಯೂ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರೂ ಸೇರಿ, ರೋಗ ಮೊದಲ ಸಲ ಕಾಣಿಸಿಕೊಂಡ ಯುವಕರನ್ನು ಎರಡೂ ನಗರಗಳಲ್ಲಿ ಹೋಲಿಸಿ ನೋಡಿದರು. ಚೆನ್ನೈಯಲ್ಲಿ ಮನೆಯವರು ಚಿಕಿತ್ಸೆಯಲ್ಲಿ ಹೆಚ್ಚು ಜೊತೆಗಿದ್ದರು, ಉತ್ಸಾಹ ಬತ್ತಿಹೋಗುವಂತಹ ಲಕ್ಷಣಗಳಲ್ಲಿ ಅಲ್ಲಿಯ ಯುವಕರ ಚೇತರಿಕೆಯೂ ಉತ್ತಮವಾಗಿತ್ತು. ನಮ್ಮ ಮಗ ಆಸ್ಪತ್ರೆಗೆ ಹೊರಟರೆ ಅಮ್ಮೀ, ಮಾಮೂ, ಖಾಲಾ ಎಲ್ಲರೂ ಆಟೋ ಹತ್ತುತ್ತಾರೆ. ಹತ್ತಲಿ. ಒಂದೂವರೆ ವರ್ಷ ಮೊದಲು ಹತ್ತಲಿ ಎಂಬುದಷ್ಟೇ ನನ್ನ ಕೋರಿಕೆ.

ಎಲ್ಲಿಗೆ ಹೋಗಬೇಕು? ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಮಂಗಳವಾರದ ಕ್ಲಿನಿಕ್ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹೋಗಲು ಸಂಕೋಚವಿದ್ದರೆ 14416 ಸಂಖ್ಯೆಗೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ ಇದು, ಕನ್ನಡದಲ್ಲೇ ಮಾತನಾಡಬಹುದು, ಉಚಿತ. ಗೆಳೆಯನೊಬ್ಬ ಸಾಯುವ ಮಾತಾಡಿದರೆ ವಿದ್ಯಾರ್ಥಿಗಳೇ, ಗುಟ್ಟು ಕಾಯಬೇಡಿ. ಅವನನ್ನು ಒಂಟಿಯಾಗಿ ಬಿಡದೆ ಆ ಗಳಿಗೆಯಲ್ಲೇ ದೊಡ್ಡವರೊಬ್ಬರಿಗೆ ಹೇಳಿ. ರಂಜಾನ್‌ನಲ್ಲಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರಿದ್ದಾರೆ. ಮೊದಲೇ ವೈದ್ಯರನ್ನು ಕೇಳಿ. ಕಾಯಿಲೆಯವರಿಗೆ ರೋಜಾದಲ್ಲಿ ರಿಯಾಯಿತಿ ಇದ್ದೇ ಇದೆ.

ಸಂಸ್ಥೆಯ ಪದಾಧಿಕಾರಿಗಳಲ್ಲಿ ಒಂದು ಮನವಿ. ನಮಗೆ ಬಿ.ಎಡ್.ನಲ್ಲಿ ಮನೋವಿಜ್ಞಾನದ ಪಾಠವಿತ್ತು, ಪರೀಕ್ಷೆ ಬರೆದು ಮರೆತೆವು. ಜಿಲ್ಲಾ ಮಾನಸಿಕ ಆರೋಗ್ಯ ತಂಡದವರನ್ನು ವರ್ಷಕ್ಕೊಂದು ದಿನ ಕರೆಸಿ ನಮ್ಮ ಶಾಲೆಗಳ ಶಿಕ್ಷಕರನ್ನೂ ಮದರಸಾದ ಉಸ್ತಾದರನ್ನೂ ಒಟ್ಟಿಗೆ ಕೂರಿಸಿ. ಬಡ ಪೋಷಕರ ಬಸ್ ಚಾರ್ಜಿಗೆ ಜಕಾತ್ ನಿಧಿಯಲ್ಲಿ ಸ್ವಲ್ಪ ಹಣ ತೆಗೆದಿಡಿ. ಮಾತ್ರೆ ತಪ್ಪುವುದು ಎಷ್ಟೋ ಸಲ ಬಸ್ಸಿನ ದುಡ್ಡಿಲ್ಲದೆ.

ಆ ಹುಡುಗ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಬರೆದು ಎರಡನೆಯ ಸಲ ಪಾಸಾದ. ಈಗ ಮಾಮೂನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುತ್ತಾನೆ. ಕಳೆದ ರಂಜಾನ್‌ನಲ್ಲಿ ಮಸೀದಿಯ ಗೋಡೆಗೆ ಅಂಟಿಸಿದ್ದ ಸಹರಿ-ಇಫ್ತಾರ್ ವೇಳಾಪಟ್ಟಿಯ ಉರ್ದು ಬರವಣಿಗೆ ಅವನದು. ಅಕ್ಷರ ಕೊಂಚ ನಡುಗಿದೆ. ಮಾತ್ರೆಯಿಂದ ಹಾಗಾಗುತ್ತದೆ, ಡೋಸ್ ಕಡಿಮೆ ಮಾಡುತ್ತಾರಂತೆ ಎಂದ.